ಉಸಿರಿಗೆ 60, ಪಾದಕ್ಕೆ 10

ಅಮೆರಿಕದ ಮಾಜಿ ಸೈನಿಕರ ಲೆಕ್ಕದಲ್ಲಿ 50ಕ್ಕೆ 50 ಕೂಡಿಸಿದರೆ 100 ಆಗಲ್ಲ, 75 ಆಗುತ್ತೆ. ಆಮೇಲೆ ಆ 75 ಅನ್ನು 80 ಅಂತ ಬರೆದುಕೊಳ್ತಾರೆ. ಇದು ತಪ್ಪು ಲೆಕ್ಕ ಅಲ್ಲ, ಕಾನೂನು. ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದನ್ನು ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಕಳೆದ ಕೆಲವು ತಿಂಗಳು ಬಿಡುವಾದಾಗಲೆಲ್ಲ ಈ ನಿಯಮಗಳನ್ನೇ ಓದ್ತಾ ಇದ್ದೆ. ಓದೋಕೆ ಒಂದು ಕಾರಣವೂ ಇತ್ತು.

ನಾನು ಟೆಕ್ಸಾಸ್‌ನಲ್ಲಿ ಕೆಲಸ ಮಾಡ್ತೀನಿ ಅಂತ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ನಮ್ಮ ಟೀಮಿನ ಟೆಸ್ಟಿಂಗ್ ಲೀಡ್ ಮಾಜಿ ಸೈನಿಕ. ನಲವತ್ತು ದಾಟಿದ ಮನುಷ್ಯ, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ 'ಸಾರ್ಜೆಂಟ್'. 2003ರಲ್ಲಿ ಸೇನೆಗೆ ಸೇರಿ 2011ರಲ್ಲಿ ಹೊರಬಂದವರು. ಮಧ್ಯೆ ಇರಾಕ್‌ಗೆ ಒಮ್ಮೆ, ಅಫ್ಘಾನಿಸ್ತಾನಕ್ಕೆ ಒಮ್ಮೆ ಹೋಗಿದ್ದರು. 2013ರಲ್ಲಿ ಆಸ್ತಮಾ ಅಂತ ಡಾಕ್ಟರ್ ಹೇಳಿದರು. ಪಾದ ಮೊದಲಿನಿಂದಲೂ ಚಪ್ಪಟೆ, ಈಗ ಸಂಜೆ ಹೊತ್ತಿಗೆ ನೆಲಕ್ಕೆ ಊರೋಕಾಗಲ್ಲ. ಕಿವಿಯೊಳಗಿನ ಗುಂಯ್ ಶಬ್ದಕ್ಕೆ ಹಿಂದೆಯೇ ಶೇ. 10 ಸಿಕ್ಕಿತ್ತು. ಅದು ಬಿಟ್ಟರೆ ಬೇರೇನೂ ಕೇಳಿರಲಿಲ್ಲ. 'ಕಾಲು ಕಳೆದುಕೊಂಡವರಿದ್ದಾರೆ, ನಾನು ಪಂಪ್ ಎಳೆದುಕೊಂಡು ಕೆಲಸಕ್ಕೆ ಬರ್ತಿದ್ದೀನಲ್ಲ' ಅನ್ನೋದು ಅವರ ವಾದ.

ಈ ವಾದಕ್ಕೆ ಕಾನೂನಿನಲ್ಲೇ ಉತ್ತರ ಇದೆ. ಮಾಜಿ ಸೈನಿಕರ ಇಲಾಖೆ, ಎಲ್ಲರೂ ಕರೆಯೋದು ವಿಎ ಅಂತ, ಕೊಡುವ ಅಂಗವೈಕಲ್ಯ ಪರಿಹಾರ ಬಡತನಕ್ಕೆ ಕೊಡುವ ಸಹಾಯಧನ ಅಲ್ಲ. ನಿಮ್ಮ ಸಂಬಳ ಎಷ್ಟು ಅಂತ ಅವರು ಕೇಳೋದಿಲ್ಲ. ಇಂಥ ಕಾಯಿಲೆ ಇರುವ ಮನುಷ್ಯನ ದುಡಿಯುವ ಶಕ್ತಿ ಸರಾಸರಿ ಎಷ್ಟು ಕುಗ್ಗುತ್ತೆ ಅನ್ನುವುದೇ ಅಳತೆ. ಅದಕ್ಕೊಂದು ದೊಡ್ಡ ಕೋಷ್ಟಕ ಇದೆ. ಮೂಲ ಚೌಕಟ್ಟು 1945ರದ್ದು, ಆಮೇಲೆ ಭಾಗ ಭಾಗವಾಗಿ ತಿದ್ದಿದ್ದಾರೆ. ಪ್ರತಿ ಕಾಯಿಲೆಗೂ ನಾಲ್ಕು ಅಂಕಿಯ ಒಂದು ಕೋಡ್. ಆಸ್ತಮಾ 6602, ಚಪ್ಪಟೆ ಪಾದ 5276. ಪ್ರತಿ ಕೋಡಿನ ಕೆಳಗೆ ಶೇಕಡಾವಾರು ಮೆಟ್ಟಿಲುಗಳು.

ಮೆಟ್ಟಿಲು ಹತ್ತುವ ಮೊದಲು ಬಾಗಿಲು ದಾಟಬೇಕಲ್ಲ, ಅದಕ್ಕೆ ಮೂರು ವಿಷಯ ತೋರಿಸಬೇಕು. ಈಗ ಕಾಯಿಲೆ ಇದೆ ಅಂತ, ಸೇವೆಯಲ್ಲಿದ್ದಾಗ ಏನೋ ಆಯಿತು ಅಂತ, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ. ಮೂರನೆಯದೇ ಎಲ್ಲರ ಕಾಲು ಹಿಡಿದೆಳೆಯೋದು. ಸೇನೆಯಲ್ಲಿದ್ದಾಗ ಕೆಮ್ಮು ಬಂದರೆ ಯಾರು ಡಾಕ್ಟರ ಹತ್ತಿರ ಹೋಗ್ತಾರೆ? ಹೋದರೆ ಜೊತೆಯವರ ಮೇಲೆ ಕೆಲಸ ಹಾಕಿ ತಪ್ಪಿಸಿಕೊಂಡ ಅನ್ನೋ ಹೆಸರು. ಸಾರ್ಜೆಂಟ್ ಎಂಟು ವರ್ಷದಲ್ಲಿ ಉಸಿರಾಟದ ತೊಂದರೆ ಅಂತ ಒಮ್ಮೆಯೂ ಬರೆಸಿಲ್ಲ. ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಆಗುತ್ತೆ.

ಇಲ್ಲಿ ಅವರ ಕೈಹಿಡಿದದ್ದು 2022ರ ಆಗಸ್ಟ್ 10ರಂದು ಸಹಿಯಾದ ಪ್ಯಾಕ್ಟ್ ಕಾಯ್ದೆ. ಇರಾಕ್, ಅಫ್ಘಾನಿಸ್ತಾನದ ಸೇನಾ ನೆಲೆಗಳಲ್ಲಿ ಕಸವನ್ನು ದೊಡ್ಡ ಗುಂಡಿಗಳಲ್ಲಿ ಸುಡ್ತಿದ್ದರು. ಪ್ಲಾಸ್ಟಿಕ್, ಬಣ್ಣ, ಆಸ್ಪತ್ರೆ ಕಸ, ಬ್ಯಾಟರಿ, ಎಲ್ಲಕ್ಕೂ ಜೆಟ್ ಇಂಧನ ಸುರಿದು ಬೆಂಕಿ. ಇರಾಕಿನ ಬಲಾದ್ ನೆಲೆಯ ಗುಂಡಿ ಇವುಗಳಲ್ಲಿ ಕುಖ್ಯಾತ. ಕಾಯ್ದೆಯ ಪೂರ್ತಿ ಹೆಸರಿನಲ್ಲಿರುವ ಸಾರ್ಜೆಂಟ್ ಫಸ್ಟ್ ಕ್ಲಾಸ್ ಹೀತ್ ರಾಬಿನ್ಸನ್ ಓಹಾಯೋದವರು, 2020ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಜಾಗಗಳಲ್ಲಿ ಸೇವೆ ಮಾಡಿ ಬಂದವರಿಗೆ ಸೇವೆಯ ನಂತರ ಆಸ್ತಮಾ ಪತ್ತೆಯಾದರೆ, ಅದು ಸೇವೆಯಿಂದಲೇ ಬಂದದ್ದು ಅಂತ ಈಗ ಕಾನೂನೇ ಊಹಿಸಿಕೊಳ್ಳುತ್ತೆ. 2021ರಲ್ಲೇ ಇಂಥದ್ದೊಂದು ನಿಯಮ ಬಂದಿತ್ತು, ಆದರೆ ಸೇನೆ ಬಿಟ್ಟ ಹತ್ತು ವರ್ಷದೊಳಗೆ ಕಾಯಿಲೆ ಕಾಣಿಸಿರಬೇಕು ಅಂತಿತ್ತು. ಹೊಸ ಕಾಯ್ದೆ ಆ ಗಡುವನ್ನೂ ತೆಗೆಯಿತು. ಅಲ್ಲಿಗೆ ಸಾರ್ಜೆಂಟ್ ತೋರಿಸಬೇಕಾದದ್ದು ಎರಡೇ: ಅಲ್ಲಿದ್ದೆ, ಆಸ್ತಮಾ ಇದೆ.

ಪಾದದ ಕಥೆ ಬೇರೆ. 2003ರಲ್ಲಿ ಸೇರುವಾಗಿನ ವೈದ್ಯಕೀಯ ತಪಾಸಣೆಯಲ್ಲೇ 'ಚಪ್ಪಟೆ ಪಾದ, ಸಾಧಾರಣ, ನೋವಿಲ್ಲ' ಅಂತ ಬರೆದಿದ್ದಾರೆ. ಸೇರುವಾಗ ಬರೆದಿಲ್ಲದ ಕಾಯಿಲೆ ಇರಲೇ ಇಲ್ಲ ಅಂತ ಅಮೆರಿಕದ ಕಾನೂನು ನಂಬುತ್ತೆ. ಬರೆದಿದ್ದರೆ ಆ ನಂಬಿಕೆಯ ರಕ್ಷಣೆ ಹೋಯಿತು. ಆಗ ಸೈನಿಕ ತೋರಿಸಬೇಕಾದದ್ದು ಸೇವೆಯಲ್ಲಿ ಅದು ಹೆಚ್ಚಾಯಿತು ಅಂತ. ಹೆಚ್ಚಾಗಿದೆ ಅಂತ ಕಂಡರೆ, 'ಅದು ತಾನಾಗೇ ಹೆಚ್ಚಾಗುವ ಕಾಯಿಲೆ' ಅಂತ ಖಚಿತವಾಗಿ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಅದೃಷ್ಟಕ್ಕೆ ಸಾರ್ಜೆಂಟ್ 2008ರಲ್ಲಿ ಎರಡು ಸಲ ಪಾದನೋವಿಗೆ ತೋರಿಸಿಕೊಂಡಿದ್ದರು. ಮೂವತ್ತು ಕಿಲೋ ಚೀಲ ಹೊತ್ತು ನಡೆದ ಮೇಲೆ ಬೂಟು ಬಿಚ್ಚೋಕೆ ಆಗಲಿಲ್ಲವಂತೆ, ಮೇಲಧಿಕಾರಿಯೇ ಬೈದು ಕಳಿಸಿದ್ದು.

ನಮ್ಮ ಕಡೆ ಕೊಡಗು, ಧಾರವಾಡ, ಬೆಳಗಾವಿಯ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಕಾಯಿಲೆ ಸೇವೆಯಿಂದ ಬಂತಾ, ಸೇವೆಯಲ್ಲಿ ಉಲ್ಬಣಿಸಿತಾ, ಎರಡೂ ಅಲ್ಲವಾ ಅನ್ನೋ ಪ್ರಶ್ನೆ ಭಾರತೀಯ ಸೇನೆಯ ಪಿಂಚಣಿಯಲ್ಲೂ ಇದೆ. ಧರಂವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸೇರುವಾಗ ಬರೆದಿಲ್ಲದ ಕಾಯಿಲೆಗೆ ಆರೋಗ್ಯವಂತನಾಗಿಯೇ ಸೇರಿದ ಅಂತ ತಿಳಿಯಬೇಕು. ದುಂಡುಮಾಡುವ ವಿಷಯದಲ್ಲಂತೂ ನಮ್ಮವರು ಇನ್ನೂ ಉದಾರಿಗಳು. ಅರ್ಹರಿಗೆ ಶೇ. 20 ಇದ್ದದ್ದನ್ನು 50 ಅಂತ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇತ್ತು. 2014ರ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ಒಪ್ಪಿತು. ಅದೇ ಒಂದು ದೊಡ್ಡ ವಿಷಯ, ಇನ್ನೊಂದು ಸಲ ನೋಡೋಣ.

ಈಗ ಮೆಟ್ಟಿಲುಗಳಿಗೆ ಬರೋಣ. ನನಗೆ ನಿಜವಾಗಿ ಕುತೂಹಲ ಹುಟ್ಟಿದ್ದು ಇಲ್ಲಿ.

ಆಸ್ತಮಾದ ನಿಯಮ ಓದಿದರೆ ಯಾರೋ ಪ್ರೋಗ್ರಾಮರ್ ಬರೆದ ಹಾಗಿದೆ. ಊದಿಸಿ ಅಳೆಯುವ ಒಂದು ಯಂತ್ರ ಇರುತ್ತಲ್ಲ, ಸ್ಪೈರೋಮೀಟರ್. ಉಸಿರು ಪೂರ್ತಿ ಎಳೆದುಕೊಂಡು ಜೋರಾಗಿ ಬಿಟ್ಟಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನೋದು ಎಫ್‌ಇವಿ-1. ನಿಮ್ಮ ವಯಸ್ಸು, ಎತ್ತರದವರಿಗೆ ಎಷ್ಟಿರಬೇಕಿತ್ತೋ ಅದರ ಶೇಕಡಾ ಎಷ್ಟು ಅಂತ ನೋಡ್ತಾರೆ. 71ರಿಂದ 80 ಬಂದರೆ ರೇಟಿಂಗ್ 10. 56ರಿಂದ 70 ಆದರೆ 30. 40ರಿಂದ 55 ಆದರೆ 60. 40ಕ್ಕಿಂತ ಕಡಿಮೆ ಆದರೆ 100. ಮೊದಲ ಸೆಕೆಂಡಿನ ಗಾಳಿಗೂ ಒಟ್ಟು ಬಿಟ್ಟ ಗಾಳಿಗೂ ಇರುವ ಅನುಪಾತಕ್ಕೂ ಇದೇ ಅಂಕಿಗಳು. ('55.5 ಬಂದರೆ?' ಅಂತ ಸಾರ್ಜೆಂಟ್ ಕೇಳಿದರು. ಟೆಸ್ಟರ್ ಅಲ್ಲವಾ, ಅಂಚಿನ ಕೇಸ್ ಬಿಡಲ್ಲ. ವರದಿಯಲ್ಲಿ ಸಾಮಾನ್ಯವಾಗಿ ಪೂರ್ಣ ಸಂಖ್ಯೆಯೇ ಇರುತ್ತೆ. ಎರಡು ಮೆಟ್ಟಿಲ ನಡುವೆ ಅನುಮಾನ ಬಂದು, ಪರಿಸ್ಥಿತಿ ಮೇಲಿನದಕ್ಕೇ ಹತ್ತಿರ ಇದ್ದರೆ ಮೇಲಿನದನ್ನೇ ಕೊಡಬೇಕು ಅಂತ ಒಂದು ಸಾಮಾನ್ಯ ನಿಯಮವೂ ಇದೆ.)

ಊದುವುದಷ್ಟೇ ಅಲ್ಲ. ಪ್ರತಿ ಮೆಟ್ಟಿಲಲ್ಲೂ 'ಅಥವಾ', 'ಅಥವಾ' ಅಂತ ಬೇರೆ ದಾರಿಗಳಿವೆ. ಆಗೊಮ್ಮೆ ಈಗೊಮ್ಮೆ ಇನ್‌ಹೇಲರ್ ಬಳಸಿದರೆ 10. ಉಸಿರ್ನಾಳ ಹಿಗ್ಗಿಸುವ ಔಷಧವನ್ನು ದಿನಾ ತೆಗೆದುಕೊಂಡರೆ ಅಥವಾ ಊತ ಇಳಿಸುವ ಇನ್‌ಹೇಲರ್ ಬಳಸುತ್ತಿದ್ದರೆ 30. ಉಲ್ಬಣಗೊಂಡು ತಿಂಗಳಿಗೊಮ್ಮೆಯಾದರೂ ಡಾಕ್ಟರ ಹತ್ತಿರ ಓಡಬೇಕಾದರೆ ಅಥವಾ ವರ್ಷಕ್ಕೆ ಮೂರು ಸಲವಾದರೂ ಸ್ಟೀರಾಯ್ಡ್ ಮಾತ್ರೆ ಇಲ್ಲವೇ ಇಂಜೆಕ್ಷನ್ ಕೋರ್ಸ್ ಬೇಕಾದರೆ 60. ದಿನಾ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಬೇಕಾದರೆ 100. ಒಂದು ಷರತ್ತು ಸರಿಯಾದರೆ ಸಾಕು, ಎಲ್ಲವೂ ಬೇಕಿಲ್ಲ.

ಸಾರ್ಜೆಂಟ್ ಊದಿದ ದಿನ ಬಂದದ್ದು 74. ಬೆಳಿಗ್ಗೆ, ಚಳಿ ಇಲ್ಲದ ದಿನ, ಮನುಷ್ಯ ಸಾಕಷ್ಟು ಚೆನ್ನಾಗೇ ಇದ್ದರು. ಬರೀ ಊದುವ ಲೆಕ್ಕ ಹಿಡಿದರೆ 10. ಆದರೆ ದಿನಾ ಎರಡು ಹೊತ್ತು ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುತ್ತಾರೆ, ಅಲ್ಲಿಗೆ 30. ಅದೇ ವರ್ಷ ಫೆಬ್ರವರಿಯಲ್ಲಿ, ಜೂನ್‌ನಲ್ಲಿ, ಅಕ್ಟೋಬರ್‌ನಲ್ಲಿ ಪ್ರೆಡ್ನಿಸೋನ್ ಮಾತ್ರೆ ನುಂಗಿದ್ದರು. ಹಾಗಾದರೆ 60. ಒಂದೇ ಎದೆ, ಒಂದೇ ವರ್ಷ, ಮೂರು ಉತ್ತರ. ಯಾವ ಕಾಗದ ಫೈಲಿನಲ್ಲಿದೆ ಅನ್ನೋದರ ಮೇಲೆ ನಿಂತಿದೆ.

ತೊಡಕಿದ್ದದ್ದು ಅಕ್ಟೋಬರ್‌ನ ಕೋರ್ಸಿನಲ್ಲಿ. ಪ್ರಯಾಣದಲ್ಲಿದ್ದಾಗ ಬೇರೆ ಊರಿನ ಒಂದು ಕ್ಲಿನಿಕ್‌ನಲ್ಲಿ ಬರೆಸಿಕೊಂಡದ್ದು. ಅವರ ಖಾಯಂ ಡಾಕ್ಟರ ಕಡತದಲ್ಲಿ ಎರಡೇ ಕೋರ್ಸ್ ಇದ್ದವು. ಔಷಧಿ ಅಂಗಡಿಯಿಂದ ಎರಡು ವರ್ಷದ ಪಟ್ಟಿ ಪ್ರಿಂಟ್ ತೆಗೆಸಿದಾಗ ಮೂರನೆಯದೂ ತಾರೀಖು ಸಮೇತ ಸಿಕ್ಕಿತು. ನಿಮ್ಮ ಕಡೆ ಯಾರಾದರೂ ಇಂಥ ಅರ್ಜಿ ಹಾಕುವವರಿದ್ದರೆ ಇದೊಂದನ್ನು ಹೇಳಿ. ಪಕ್ಕದ ಮನೆಯವರು ಮಾಜಿ ಸೈನಿಕರಾಗಿರಬಹುದು, ಇಲ್ಲಿ ಸೇನೆ ಸೇರಿದ ಕನ್ನಡದ ಮಕ್ಕಳೂ ಇದ್ದಾರೆ.

ಪಾದದ ಕೋಡ್ ತೆರೆದರೆ ಇನ್ನೊಂದು ಲೋಕ. ಅಂಕಿಯೇ ಇಲ್ಲ, ಬರೀ ವಿಶೇಷಣಗಳು. ಬೂಟಿನೊಳಗೆ ಕಮಾನಿನ ಆಸರೆ ಇಟ್ಟರೆ ನೋವು ಕಡಿಮೆಯಾಗುತ್ತಾ? ಸೌಮ್ಯ, ಶೇ. 0. ಭಾರ ಹೆಬ್ಬೆರಳಿನ ಮೇಲೆ ಅಥವಾ ಅದರ ಒಳಬದಿಗೆ ಬೀಳುತ್ತಿದೆ, ಹಿಮ್ಮಡಿ ಹಿಂದಿನ ದಪ್ಪ ನರ ಒಳಕ್ಕೆ ಬಾಗಿದೆ, ಮುಟ್ಟಿ ತಿರುಗಿಸಿದರೂ ನಡೆದರೂ ನೋವಿದೆ ಅಂದರೆ ಮಧ್ಯಮ, 10. ಒಂದು ಪಾದವಾದರೂ ಅಷ್ಟೇ, ಎರಡಾದರೂ ಅಷ್ಟೇ. ಆಕಾರ ಎದ್ದು ಕಾಣುವಷ್ಟು ಕೆಟ್ಟಿದೆ, ಓಡಾಡಿದರೆ ನೋವು ಇನ್ನೂ ಹೆಚ್ಚುತ್ತೆ, ಊದಿಕೊಳ್ಳುತ್ತೆ, ಅಂಗಾಲು ಜಡ್ಡುಗಟ್ಟಿದೆ ಅಂದರೆ ತೀವ್ರ: ಒಂದು ಪಾದಕ್ಕೆ 20, ಎರಡಕ್ಕೂ ಸೇರಿ 30. ಅಂಗಾಲು ಮುಟ್ಟಿಸಿಕೊಳ್ಳಲೂ ಆಗದಷ್ಟು ನೋವು, ಹಿಮ್ಮಡಿ ನರದಲ್ಲಿ ಜೋರು ಸೆಳೆತ, ವಿಶೇಷ ಶೂ ಹಾಕಿದರೂ ಪ್ರಯೋಜನ ಇಲ್ಲ ಅಂದರೆ ಒಂದಕ್ಕೆ 30, ಎರಡಕ್ಕೆ 50.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಆಸ್ತಮಾದಲ್ಲಿ ಔಷಧ ಹೆಚ್ಚು ಬೇಕಾದಷ್ಟೂ ರೇಟಿಂಗ್ ಏರುತ್ತೆ. ಇನ್‌ಹೇಲರ್‌ನಿಂದ ಆರಾಮಾಗಿ ಉಸಿರಾಡ್ತಿದ್ದರೂ 30 ಹೋಗಲ್ಲ. ಪಾದದಲ್ಲಿ ಉಲ್ಟಾ. ಶೂ ಒಳಗಿನ ಆಸರೆ ಕೆಲಸ ಮಾಡಿತು ಅಂದರೆ ಸೊನ್ನೆ. ಎದೆಗೆ ಆಸರೆ ಬೇಕಾದರೆ ಅದು ವೈಕಲ್ಯದ ಗುರುತು, ಕಾಲಿಗೆ ಆಸರೆ ಬೇಕಾದರೆ ವೈಕಲ್ಯ ಇಲ್ಲದ ಗುರುತು. ಒಂದೇ ಪುಸ್ತಕದಲ್ಲಿ ಹೀಗೇಕೆ ಅಂದರೆ, ಒಂದೊಂದು ಭಾಗವನ್ನು ಒಂದೊಂದು ಕಾಲದಲ್ಲಿ ತಿದ್ದಿದ್ದಾರೆ. ಉಸಿರಾಟದ ಭಾಗವನ್ನು 1996ರಲ್ಲಿ ಅಂಕಿ ಹಾಕಿ ಹೊಸದಾಗಿ ಬರೆದರು. ಚಪ್ಪಟೆ ಪಾದದ ಭಾಷೆಯಲ್ಲಿ ಇನ್ನೂ ಹಳೆಯ ಕಾಲದ ವಾಸನೆ ಇದೆ. 2021ರ ಫೆಬ್ರವರಿಯಲ್ಲಿ ಅಂಗಾಲಿನ ತಂತುಪಟ್ಟಿಯ ಊತಕ್ಕೆ, ಅಂದರೆ ನಮ್ಮವರೂ ತುಂಬಾ ಒದ್ದಾಡುವ ಪ್ಲಾಂಟಾರ್ ಫ್ಯಾಸೈಟಿಸ್‌ಗೆ, 5269 ಅಂತ ಹೊಸ ಕೋಡ್ ಸೇರಿಸಿದರು. ಅದರಲ್ಲೂ ಅದೇ ತರ್ಕ. ಶಸ್ತ್ರಚಿಕಿತ್ಸೆಯೂ ಬೇರೆ ಚಿಕಿತ್ಸೆಯೂ ಎರಡೂ ಫಲ ಕೊಡದಿದ್ದರೆ 20 ಅಥವಾ 30, ಇಲ್ಲದಿದ್ದರೆ 10. ಹಳೇ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದವರಿಗೆ ಈ ಅನುಭವ ಇರುತ್ತೆ. ಒಂದು ಮಾಡ್ಯೂಲ್ ಹೊಸದು, ಪಕ್ಕದ್ದು ಯಾರೋ ತಾತ ಬರೆದದ್ದು, ಎರಡೂ ಒಂದೇ ಡೇಟಾ ಓದ್ತವೆ. ನನ್ನ ಪ್ರಕಾರ ಪಾದದ ಭಾಗಕ್ಕೆ ಅಳತೆ ಬೇಕೇ ಬೇಕು. 'ಎದ್ದು ಕಾಣುವ' ಅನ್ನೋದು ನೋಡುವವರ ಕಣ್ಣಿನ ಮೇಲೆ ಬಿಟ್ಟ ವಿಷಯ ಆಗಬಾರದು.

ಶೇ. 0 ಅಂದರೆ ತಿರಸ್ಕಾರ ಅಲ್ಲ ಅನ್ನೋದೂ ಗೊತ್ತಿರಲಿ. ಸೇವೆಗೆ ಸಂಬಂಧಪಟ್ಟದ್ದು ಅಂತ ಒಪ್ಪಿಕೊಂಡಿದ್ದೇವೆ, ಸದ್ಯಕ್ಕೆ ದುಡ್ಡಿಲ್ಲ ಅಂತ. ಮುಂದೆ ಹೆಚ್ಚಾದರೆ ಬಾಗಿಲು ಮತ್ತೆ ತಟ್ಟಬೇಕಿಲ್ಲ, ಮೆಟ್ಟಿಲು ಮಾತ್ರ ಕೇಳಿದರಾಯಿತು.

ಇನ್ನು ಶುರುವಿನಲ್ಲಿ ಹೇಳಿದ ವಿಚಿತ್ರ ಕೂಡಿಕೆ. ತರ್ಕ ಹೀಗೆ: ಪೂರ್ತಿ ಮನುಷ್ಯ 100. ಆಸ್ತಮಾ 60 ತೆಗೆದುಕೊಂಡರೆ ಉಳಿದದ್ದು 40. ಪಾದದ 10 ಅನ್ನೋದು ಆ 40ರ ಹತ್ತನೇ ಒಂದು ಭಾಗ, ಅಂದರೆ 4. ಒಟ್ಟು 64. ಉಳಿದ 36ರಲ್ಲಿ ಕಿವಿಯ 10 ಅಂದರೆ 3.6. ಒಟ್ಟು 67.6, ಅದನ್ನು 68 ಅಂತ ಮಾಡಿ, ಕೊನೆಗೆ ಹತ್ತಿರದ ಹತ್ತಕ್ಕೆ ದುಂಡು ಮಾಡಿದರೆ 70. ಕಿವಿಯ ಹತ್ತು ಇಲ್ಲದಿದ್ದರೆ 64, ದುಂಡು ಮಾಡಿದರೆ 60. ಅಂದರೆ ಪಾದಕ್ಕೆ 10 ಕೊಟ್ಟದ್ದೂ ಕೊಡದೇ ಇದ್ದದ್ದೂ ಒಂದೇ ಆಗ್ತಿತ್ತು. ಇದನ್ನು ಹನ್ನೆರಡು ಸಾಲಿನ ಪೈಥಾನ್‌ನಲ್ಲಿ ಬರೆದು ಸಾರ್ಜೆಂಟ್‌ಗೆ ಕೊಟ್ಟೆ. ಅವರು ಎಂದಿನಂತೆ ಅದರಲ್ಲೂ ಟೆಸ್ಟ್ ಕೇಸ್ ಹುಡುಕಿದರು: ಬಲ ಮಂಡಿಗೆ 10, ಎಡ ಕಾಲ್ಗಿಣ್ಣಿಗೆ 10 ಇದ್ದರೆ? ಎರಡೂ ಕಾಲಿಗೆ ಬೇರೆ ಬೇರೆ ರೇಟಿಂಗ್ ಇದ್ದಾಗ ಕೂಡಿಕೆಯ ಹತ್ತನೇ ಒಂದು ಭಾಗ ಹೆಚ್ಚಿಗೆ ಸೇರಿಸಬೇಕು. 19ಕ್ಕೆ 1.9 ಸೇರಿ 20.9. ಆ ನಿಯಮಕ್ಕೆ ಇನ್ನೂ ನಾಲ್ಕು ಸಾಲು ಬೇಕಾಯಿತು.

ದುಡ್ಡಿನಲ್ಲಿ ಹೇಳಿದರೆ, 2025ರ ದರದಲ್ಲಿ ಅವಲಂಬಿತರಿಲ್ಲದ ಮಾಜಿ ಸೈನಿಕನಿಗೆ ಶೇ. 40ಕ್ಕೆ ತಿಂಗಳಿಗೆ 774.16 ಡಾಲರ್, ಶೇ. 70ಕ್ಕೆ 1,759.19 ಡಾಲರ್. ತೆರಿಗೆ ಇಲ್ಲ. ಆಸ್ತಮಾಕ್ಕೆ 30 ಸಿಕ್ಕಿದ್ದರೆ ಸಾರ್ಜೆಂಟ್‌ಗೆ ಒಟ್ಟು 40 ಆಗ್ತಿತ್ತು, 60 ಆದ್ದರಿಂದ 70. ಔಷಧಿ ಅಂಗಡಿಯ ಒಂದು ಹಾಳೆಯ ಬೆಲೆ ತಿಂಗಳಿಗೆ 985 ಡಾಲರ್.

ಇನ್ನೊಂದು ಕಟ್ಟುಪಾಡು, ಒಂದೇ ತೊಂದರೆಗೆ ಎರಡು ಸಲ ದುಡ್ಡಿಲ್ಲ. ಆಸ್ತಮಾ ಜೊತೆ ನಿದ್ದೆಯಲ್ಲಿ ಉಸಿರುಕಟ್ಟುವ ಸ್ಲೀಪ್ ಅಪ್ನಿಯಾ ಇದ್ದರೆ ಎರಡನ್ನೂ ಕೂಡಿಸಲ್ಲ, ಯಾವುದು ಮೇಲುಗೈಯೋ ಅದಕ್ಕೊಂದೇ ರೇಟಿಂಗ್. ಮೂಗಿನ ಸೈನಸ್ ತೊಂದರೆ ಮಾತ್ರ ಬೇರೆ ಲೆಕ್ಕ.

ಅರ್ಜಿ ಹಾಕೋಕೆ ದುಡ್ಡು ಕೊಡಬೇಕಿಲ್ಲ. ಮಾಜಿ ಸೈನಿಕರ ಸಂಘಗಳಲ್ಲಿ ಮಾನ್ಯತೆ ಪಡೆದ ಪ್ರತಿನಿಧಿಗಳು ಉಚಿತವಾಗಿ ಮಾಡಿಕೊಡ್ತಾರೆ. ಮೊದಲ ಅರ್ಜಿಗೆ ಶುಲ್ಕ ಕೇಳೋದೇ ಕಾನೂನಿಗೆ ವಿರುದ್ಧ. ಸಾರ್ಜೆಂಟ್‌ಗೂ ಫೋನ್ ಮಾಡಿ ಇಷ್ಟು ಪರ್ಸೆಂಟ್ ಕೊಡಿ ಅಂದವರಿದ್ದರು. ಪರೀಕ್ಷೆ ಮಾಡುವ ಡಾಕ್ಟರು ರೇಟಿಂಗ್ ಕೊಡುವುದಿಲ್ಲ, ಫಾರ್ಮ್ ತುಂಬಿ ಕಳಿಸ್ತಾರೆ. ಅದನ್ನು ಕೋಷ್ಟಕಕ್ಕೆ ಹೊಂದಿಸಿ ನಿರ್ಧರಿಸುವವರು ವಿಎ ಕಚೇರಿಯಲ್ಲಿ ಕೂತವರು. ಅವರು ಸೈನಿಕನ ಮುಖ ನೋಡೋದೇ ಇಲ್ಲ, ಫೈಲ್ ನೋಡ್ತಾರೆ. ಎರಡೂ ಕಡೆಯ ಸಾಕ್ಷ್ಯ ಸಮತೂಕ ಇದ್ದರೆ ತಕ್ಕಡಿ ಸೈನಿಕನ ಕಡೆಗೇ ವಾಲಬೇಕು ಅಂತ ಕಾನೂನಿದೆ. ಅದಕ್ಕೂ ತಕ್ಕಡಿಯಲ್ಲಿ ಏನಾದರೂ ಇರಬೇಕಲ್ಲ. ಡಾಕ್ಟರ್ ಅಲ್ಲದವರೂ ತಾವು ಕಣ್ಣಾರೆ ಕಂಡದ್ದನ್ನು ಬರೆದುಕೊಡಬಹುದು. ಹಾಗಾಗಿ ನಾನೂ ಒಂದು ಹೇಳಿಕೆ ಬರೆದೆ. ಕಾಯಿಲೆಯ ಹೆಸರು ಬಳಸಲಿಲ್ಲ, ಅದು ನನ್ನ ಕೆಲಸ ಅಲ್ಲ. ಎರಡನೇ ಮಹಡಿಯ ಮೀಟಿಂಗ್‌ಗೆ ಅವರು ಐದು ನಿಮಿಷ ಮೊದಲೇ ಹೊರಡುತ್ತಾರೆ, ನಡುವೆ ಒಮ್ಮೆ ನಿಲ್ಲುತ್ತಾರೆ. ನಾಲ್ಕು ಗಂಟೆಯ ಮೇಲೆ ಮೇಜಿನ ಕೆಳಗೆ ಶೂ ಬಿಚ್ಚಿರುತ್ತಾರೆ, ಮನೆಗೆ ಹೊರಡುವಾಗ ಲೇಸ್ ಕಟ್ಟೋಕೆ ಆಗದೆ ಹಾಗೇ ಸಿಕ್ಕಿಸಿಕೊಂಡು ಹೋಗುತ್ತಾರೆ. ಇಷ್ಟೇ. 'ಆದರೂ ಒಂದು ದಿನವೂ ದೂರಿದವರಲ್ಲ' ಅಂತ ಕೊನೆಗೆ ಸೇರಿಸಿದ್ದೆ. ಸಾರ್ಜೆಂಟ್ ಓದಿ ಅದನ್ನು ತೆಗೆಸಿದರು. 'ಅದು ನೀನು ಕಂಡದ್ದಲ್ಲ, ನನ್ನನ್ನು ಹೊಗಳಿದ್ದು' ಅಂದರು.

ತೀರ್ಪಿನ ಪತ್ರ ಬಂದಾಗ ಉಸಿರಿಗೆ 60, ಪಾದಕ್ಕೆ 10 ಇತ್ತು. ಪಾದದ ಪರೀಕ್ಷೆ ನಡೆದದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಎರಡು ದಿನದ ರಜೆಯ ಮೇಲೆ. ಊತ ಇಲ್ಲ ಅಂತ ವರದಿ. ಓಡಾಡಿದ ಮೇಲೆ ಬರುವ ಊತ ಬೆಳಿಗ್ಗೆ ಎಲ್ಲಿಂದ ಕಾಣಬೇಕು? ಮೇಲ್ಮನವಿಗೆ ಒಂದು ವರ್ಷ ಇದೆ. ಅದೇ ದಾಖಲೆಗಳನ್ನು ಹಿರಿಯ ಅಧಿಕಾರಿ ಮತ್ತೆ ನೋಡುವ ದಾರಿಯಲ್ಲಿ ಹೊಸದೇನೂ ಸೇರಿಸುವಂತಿಲ್ಲ. ಹೊಸ ಸಾಕ್ಷ್ಯ ಕೊಡಬೇಕೆಂದರೆ ಪೂರಕ ಅರ್ಜಿ. ಅವರ ಸ್ವಂತ ಪಾದದ ಡಾಕ್ಟರು ಕೆಲಸದ ದಿನ ಸಂಜೆ ಐದಕ್ಕೆ ನೋಡಿ ಬರೆದುಕೊಡೋಕೆ ಒಪ್ಪಿದ್ದಾರೆ, ಮುಂದಿನ ಗುರುವಾರ. 30 ಆದರೆ 60, 30, 10 ಸೇರಿ 74.8, ಅಂದರೆ 75, ಅಂದರೆ 80. ಸ್ಕ್ರಿಪ್ಟ್ ಎರಡು ಸಲ ಓಡಿಸಿ ನೋಡಿದ್ದೀವಿ.